ಬೋರ್ಡಿಗೆ ಉಜ್ಜಿದ ತೊಂಡೆಸೊಪ್ಪು

ತೊಂಡೆಸೊಪ್ಪು ಹಿಸುಕಿದ ವಾಸನೆ ಬಂದರೆ ಈಗಲೂ ರಿಪ್ಪನ್‌ಪೇಟೆಯ ನಮ್ಮ ಶಾಲೆಯ ಒಂದು ಶನಿವಾರ ನೆನಪಾಗುತ್ತದೆ. ಅಕ್ಕ ಮತ್ತೆ ಫೇಲಾಗಿದ್ದಳು. ಅವಳು ಸೊಪ್ಪಿಗೆ ಇದ್ದಿಲು ಸೇರಿಸಿ ಬೋರ್ಡಿಗೆ ಕಪ್ಪು ಉಜ್ಜುತ್ತಿದ್ದಾಗ ಅಪ್ಪ ಬಂದರು.

"ನೀವು ಸರಿಯಾಗಿ ಕಲ್ಸಿದ್ರೆ ಇವ್ಳು ಹಿಂಗೆ ಫೇಲಾಗ್ತಿದ್ಲಾ ಮೇಷ್ಟ್ರೇ?"

"ನಾನು ದಿನಾ ಬೋರ್ಡ್ ತುಂಬಾ ಬರೀತೀನಿ. ನೀವು ಮನೇಲಿ ಒಂದಿನನಾದ್ರೂ ಪುಸ್ತಕ ಹಿಡ್ಸಿದೀರಾ?"

"ಹಂಗಾರೆ ಸೋಮವಾರದಿಂದ ಕಳ್ಸಲ್ಲ ಬಿಡಿ," ಎಂದರು ಅಪ್ಪ.

"ನಿಮ್ಮಿಷ್ಟ," ಎಂದರು ಮೇಷ್ಟ್ರು.

ಅಕ್ಕ ತಿರುಗಲಿಲ್ಲ. ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಉಜ್ಜುತ್ತಲೇ ಇದ್ದಳು. ಅದನ್ನು ಆಗಲೇ ಕಂಡಿದ್ದೆನೋ, ಎಷ್ಟೋ ವರ್ಷದ ಮೇಲೆ ಅವಳ ದಪ್ಪ ಗಾಜಿನ ಕನ್ನಡಕ ನೋಡಿ ನೆನಪಿಗೆ ಸೇರಿಸಿಕೊಂಡೆನೋ, ಹೇಳಲಾರೆ.

ಸೋಮವಾರ ನಾನೊಬ್ಬನೇ ಶಾಲೆಗೆ ಹೋದೆ. ಹೊಸ ಕಪ್ಪಿನ ಮೇಲೆ ಮೇಷ್ಟ್ರ ಅಕ್ಷರ ಅಕ್ಕ ಕೂರುತ್ತಿದ್ದ ಹಿಂದಿನ ಸಾಲಿಗೂ ಚೆನ್ನಾಗಿ ಕಾಣುತ್ತಿತ್ತು.