ಕಿಂಡಿ ಬಿಡದ ವಿಮಾನ

ಎದುರುಮನೆಯ ಕದಕ್ಕೆ ವಾರ್ನಿಶ್ ಹಚ್ಚುತ್ತಿದ್ದಾರೆ. ಆ ವಾಸನೆಗೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಮಿಯಾಪುರದ ಶೆಡ್ಡಿನಲ್ಲಿ ಕಾಕಾ ತಾನೇ ಕಟ್ಟಿದ, ಒಬ್ಬರು ಕೂತು ಓಡಿಸುವ ಮರದ ವಿಮಾನಕ್ಕೂ ಅದೇ ವಾಸನೆಯಿತ್ತು. "ಬಾಲದ ಹತ್ರ ಕೈ ಹೋಗೋಷ್ಟು ಕಿಂಡಿ ಬಿಡೋ, ಒಳಗಿನ ತಂತಿ ನೋಡಾಕ ಬೇಕಾಗ್ತೈತಿ," ಎಂದು ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಅಪ್ಪ ಹೇಳಿದ್ದರು.

"ಇಷ್ಟು ಚಂದ ಪಾಲಿಶ್ ಮಾಡಿ ತೂತು ಕೊರೀಲೇನು? ನಿನ್ನ ಫ್ಯಾಕ್ಟರಿ ಬುದ್ಧಿ ಫ್ಯಾಕ್ಟರ್ಯಾಗ ಇರ್ಲಿ ಅಣ್ಣಾ," ಎಂದು ಕಾಕಾ ನಕ್ಕಿದ್ದ.

ಒಂದು ಮಧ್ಯಾಹ್ನ ಬಯಲಿನಲ್ಲಿ ಮೊದಲ ಸಲ ಓಡಿಸಿದಾಗ ಬಾಲದೊಳಗೆ ತಂತಿ ಸಿಕ್ಕಿಕೊಂಡು ವಿಮಾನ ತಿರುಗಲೇ ಇಲ್ಲ. ನೋಡುತ್ತ ಕುಳಿತಿದ್ದ ನಮ್ಮತ್ತ ನೇರ ಬಂತು. ಅವ್ವ ನನ್ನ ತೋಳು ಹಿಡಿದು ಎಳೆದಳು. ನಾನು ಕುಳಿತಿದ್ದ ಕುರ್ಚಿ ವಿಮಾನದ ಮುಂದಿನ ಪಂಖಕ್ಕೆ ಸಿಕ್ಕಿ ಚೂರುಚೂರಾಯಿತು.

ಇಳಿದ ಕಾಕಾ ನನ್ನತ್ತ ನೋಡಲೂ ಇಲ್ಲ. ಪಾಲಿಶ್ ಮೇಲೆ ಗೀರು ಬಿದ್ದಿದೆಯೇ ಎಂದು ಸವರುತ್ತಿದ್ದ.

ಅವ್ವ ಸುತ್ತಿಗೆ ತಂದು ಬಾಲದ ಹಲಗೆ ಒಡೆದಳು. "ಆತಲ್ಲ ಕಿಂಡಿ? ಈಗ ಕೈ ಹಾಕಿ ನೋಡು."