ಅಪ್ಪ ನುಂಗಿದ ಸಾಲು

ಎಂಬತ್ತೊಂಬತ್ತು ವರ್ಷ ತುಂಬು ಬಾಳು ಬಾಳಿದ ಅಪ್ಪನ ಸ್ಮರಣೆಗೆಂದು ಚರ್ಚು ತುಂಬಿತ್ತು. ವ್ಯಾಪಾರದಲ್ಲಿ ಅವರ ನ್ಯಾಯ, ಒಂದು ಭಾನುವಾರವೂ ತಪ್ಪಿಸದ ಆರಾಧನೆ, ಮಕ್ಕಳನ್ನೆಲ್ಲ ಓದಿಸಿ ದಡ ಸೇರಿಸಿದ್ದು, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹೊರಗೆ ಬಂದಾಗ ಅಪ್ಪನ ಪಕ್ಕದಲ್ಲೇ ಕೂರುತ್ತಿದ್ದ ಹಿರಿಯರೊಬ್ಬರು ನನ್ನನ್ನು ತಡೆದರು.

“ಒಂದು ಮಾತು ಕಣಮ್ಮ. ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಬೇಡ್ತೀವಲ್ಲ, ಆ ಸಾಲಿಗೆ ಮಾತ್ರ ನಿಮ್ಮಪ್ಪ ಬಾಯಿ ಮುಚ್ಕೊಂಡುಬಿಡೋರು. ಅಂಗಡಿ ಚೆನ್ನಾಗಿ ನಡೀತಿತ್ತಲ್ಲ, ದೇವರ ಹತ್ರ ಯಾಕೆ ಕೇಳ್ಬೇಕು ಅಂತಿದ್ರೇನೋ.”

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಅಮ್ಮನನ್ನು ಕೇಳಿದೆ.

“ನಾನೂ ಕೇಳಿದ್ದೆ. ಒಂದು ದಿನ ಅಂಗಡೀಲಿ ಕೂತು ನೋಡು ಅಂದಿದ್ರು. ನಾನು ಹೋಗ್ಲಿಲ್ಲ,” ಎಂದಳು ಅಮ್ಮ.

ಮರುದಿನ ನಾನೇ ಅಂಗಡಿ ತೆರೆದೆ. ಮಧ್ಯಾಹ್ನವಾದರೂ ಒಂದು ನರಪಿಳ್ಳೆ ಇಲ್ಲ. ಕೂತೆ, ಎದ್ದೆ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣು ಹಾಯಿಸಿದೆ. ಹಿಂದುಗಡೆ ಬಡಗಿಗಳು ಕೈಕಟ್ಟಿ ಕೂತಿದ್ದರು.

“ದೇವರೇ, ಇವತ್ತು ಒಬ್ಬರನ್ನಾದರೂ ಕಳಿಸಪ್ಪಾ,” ಎಂದು ಕಣ್ಣು ಮುಚ್ಚಿ ಬೇಡಿದೆ.

ಕಣ್ಣು ಬಿಟ್ಟರೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಖುಷಿಯಿಂದ ಎದ್ದೆ.

“ಬನ್ನಿ, ಬನ್ನಿ! ಯಾವ ಸೈಜು ಬೇಕು?”

“ಸಾಯಂಕಾಲ ಮಣ್ಣು ಮಾಡ್ಬೇಕಕ್ಕಾ. ಚಿಕ್ಕ ಪೆಟ್ಟಿಗೆ ಸಾಕು, ಮಗಳಿಗಿನ್ನೂ ಮೂರು ವರ್ಷ.”