ಸನಮಡಿಯಲ್ಲಿ ನಿಂತ ಚುಕ್ಕಿ

ಮೊಬೈಲಿನ ನಕಾಶೆಯಲ್ಲಿ ಗಾಡಿಯ ನೀಲಿ ಚುಕ್ಕಿ ಇವತ್ತೂ ಸನಮಡಿ ಹಳ್ಳಿಯಲ್ಲೇ ನಿಂತಿತ್ತು.

ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ದಾಕ್ಷಾಯಣಿಗೆ ತಿಳಿಯಲಿಲ್ಲ. ಗಂಡ ಗುರುಸಿದ್ದ ಬೆಳಗ್ಗೆ ಹೊರಡುವಾಗ ಹೇಳಿದ್ದು ಸಾಂಗಲಿ. ಅಂಗಡಿಗೆ ಬೀಜ ತರಬೇಕು ಅಂದಿದ್ದ.

ಕರೆಂಟಿನ ಕಾರು ಜತ್ತದ ಅವರ ಓಣಿಗೆ ಬಂದಾಗ ಎಲ್ಲರೂ ನಕ್ಕಿದ್ದರು. "ರಾತ್ರಿ ಮೊಬೈಲ್ ಹಂಗ ಚಾರ್ಜಿಗಿ ಹಚ್ಚೂದು, ಮುಂಜಾನೆ ಕಿಸೇದಾಗ ಇಟಗೊಂಡ ಹೋಗೂದು," ಎಂದು ಎದುರುಮನೆಯ ದುಂಡಪ್ಪ ಆಡಿಕೊಂಡಿದ್ದ. ದಾಕ್ಷಾಯಣಿ ಮಾತ್ರ ಅದಕ್ಕೆ ಮನಸೋತಿದ್ದಳು. ಗಂಡನಿಗಿಂತ ಮೊದಲು ಅದನ್ನು ಓಡಿಸಲು ಕಲಿತವಳು ಅವಳೇ. ಎಷ್ಟು ದೂರಕ್ಕೆ ಎಷ್ಟು ಚಾರ್ಜು ಇಳಿಯುತ್ತದೆಂಬುದು ಸಾರಿಗೆ ಹಾಕುವ ಉಪ್ಪಿನಷ್ಟೇ ಅವಳಿಗೆ ಗೊತ್ತು. ಅದಕ್ಕೇ ಕಳ್ಳತನ ಸಿಕ್ಕಿಬಿತ್ತು. ಈಚೆಗೆ ಗಾಡಿ ಓಡಿದ್ದಕ್ಕೆ ಮೀರಿ ಚಾರ್ಜು ಕಳೆದುಕೊಂಡು ಬರುತ್ತಿತ್ತು. ನಿಂತಲ್ಲೇ ಅದನ್ನು ಯಾರೋ ಹೀರುತ್ತಿದ್ದರು.

ಹೋದ ವಾರ ಡಬ್ಬಿ ತುಂಬ ಶೇಂಗಾದ ಹೋಳಿಗೆ ಒಯ್ದ. ಟ್ರಂಕಿನಲ್ಲಿದ್ದ ಅವಳ ಹಳೆಯ ಇಳಕಲ್ ಸೀರೆ ಕಾಣೆಯಾಯಿತು. ಕೇಳಿದರೆ, "ಇಲ್ಲದವರಿಗಿ ಕೊಟ್ಟೀನಿ," ಅಂದ, ಮುಖ ನೋಡದೆ.

ಮೊನ್ನೆ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

"ಒಬ್ಬಾಕಿ ಬಂದು ನಮ್ಮ ಬಾಗಲದಾಗ ನಿಂತ್ರ, ಒಳಗ ಕರೀತಿಯೇನು ದಾಕ್ಷಾ?"

"ಯಾರು?"

"ಯಾರರೆ ಆಗಲಿ. ನಿನ್ನ ಮನಸ್ಸಿಗಿ ಬ್ಯಾಡಾದಾಕಿ ಅಂತ ತಿಳಿ."

"ಬಾಗಲಾ ಹಾಕೂದು ನನಗೇನ ಹೊಸಾದಲ್ಲರಿ," ಎಂದಳು ಅವಳು. ಅವನು ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಟ್ಟ.

ನಿಜಕ್ಕೂ ಹೊಸದಲ್ಲ. ತಂಗಿ ವಿದ್ಯಾವತಿ ತಾನು ಮೆಚ್ಚಿದವನ ಕೈ ಹಿಡಿದು ವಳಸಂಗದ ತವರಿನ ಹೊಸ್ತಿಲಿಗೆ ಬಂದ ದಿನ, ಅಪ್ಪನ ಮಾತಿನಂತೆ ಒಳಗಿನಿಂದ ಅಗುಳಿ ಹಾಕಿದ್ದು ಇವಳ ಕೈಯೇ. ಹೊರಗಿನ ದನಿ ಬಹಳ ಹೊತ್ತು ಇವಳನ್ನೇ ಕರೆಯಿತು. ಆಮೇಲೆ ತಂಗಿ ಪುಣೆ ಸೇರಿದಳೆಂದು ಯಾರೋ ಅಂದರು, ಅಷ್ಟೇ. ಅಪ್ಪನೂ ಹೋದ. ಇನ್ನು ಗಂಡನೂ ಕೈಬಿಟ್ಟರೆ ತನ್ನವರು ಅನ್ನಲು ಅವಳಿಗೆ ಯಾರೂ ಇರಲಿಲ್ಲ.

ಗಾಡಿಯ ಇನ್ನೊಂದು ಕೀಲಿ ದೇವರ ಮಾಡದಲ್ಲಿತ್ತು. ತೆಗೆದುಕೊಂಡು, ಸನಮಡಿ ಕಡೆಗೆ ಜನ ತುಂಬಿಕೊಂಡು ಹೊರಟಿದ್ದ ವಡಾಪ್ ಜೀಪು ಹತ್ತಿದಳು.

ಜೀಪಿನಲ್ಲಿ ಹಿಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡ ಮುದುಕಿಯೊಬ್ಬಳು ಊರಿಗೆಲ್ಲ ಕೇಳುವಂತೆ ಗೊಣಗುತ್ತಿದ್ದಳು. "ನಮ್ಮ ಸನಮಡ್ಯಾಗ ಕರೆಂಟ್ ಹೋಗಿ ವಾರಾತವ್ವಾ. ಗಿರಣಿ ಬಂದ್. ಒಂದ ಸೇರು ಜ್ವಾಳಾ ಬೀಸಾಕ ಜತ್ತಕ್ಕ ಬರೂ ಹಂಗ ಆತು."  ದಾಕ್ಷಾಯಣಿಯ ಕಣ್ಣು ಮೊಬೈಲಿನ ಚುಕ್ಕಿಯ ಮೇಲಿತ್ತು.

ಊರ ಹೊರಗೆ, ಬೇವಿನ ನೆರಳಿನಲ್ಲಿ ಒಂದು ತಗಡಿನ ಮನೆ. ಅದರ ಮಗ್ಗುಲಿಗೇ ಅವಳ ಗಾಡಿ. ಗುರುಸಿದ್ದ ಎಲ್ಲೂ ಕಾಣಲಿಲ್ಲ. ಗಾಡಿಯಿಂದ ಹೊರಟ ಕರಿಯ ವೈರು ನೆಲದ ಮೇಲೆ ಹರಿದು ಕಿಟಕಿಯೊಳಗೆ ಇಳಿದಿತ್ತು. ಬಿಸಿಲು ಬಾರದಂತೆ ಕಿಟಕಿಗೆ ಕಟ್ಟಿದ್ದು ಅವಳ ಇಳಕಲ್ ಸೀರೆ. ಅದರ ಹಿಂದೆ ಏನೋ ಗುರ್ ಅನ್ನುತ್ತಿತ್ತು.

ಕೂಲರು. ಊರೆಲ್ಲ ಬೇಯುತ್ತಿರುವಾಗ ಒಳಗಿನವಳೊಬ್ಬಳಿಗೆ ತಂಪು, ಅದೂ ತನ್ನ ಗಾಡಿಯ ಕರೆಂಟಿನಲ್ಲಿ!

"ಕೋಣ್ ಹಾಯ್?" ಒಳಗಿನಿಂದ ವಯಸ್ಸಾದ ಹೆಣ್ಣುದನಿ ಯಾರೆಂದು ಮರಾಠಿಯಲ್ಲಿ ಕೇಳಿತು.

"ಸೀರಿ ನಂದು, ಗಾಡಿ ನಂದು, ಗಂಡನೂ ನನ್ನಾಂವ!" ದಾಕ್ಷಾಯಣಿ ಕಿಟಕಿಗೆ ಮುಖ ಕೊಟ್ಟು ಒದರಿದಳು. "ಸೆಖಿ ಆದ್ರ ಬೀಸಣಿಕಿ ತಗೊಂಡ ಬೀಸ್ಕೊ, ನಾಚಿಗ್ಗೇಡಿ!"

ವೈರು ಕಿತ್ತು ಒಗೆದಳು. ಗುರ್ ನಿಂತಿತು. ಮರುಗಳಿಗೆಗೆ ಒಳಗೆ ಏನೋ ಕೀಂ ಕೀಂ ಎಂದು ಅಳತೊಡಗಿತು. ಅಳಲಿ, ಎಂದುಕೊಂಡಳು. ಗಾಡಿ ಒಂದಿಷ್ಟೂ ಸಪ್ಪಳ ಮಾಡದೆ ರಸ್ತೆಗಿಳಿಯಿತು.

ಜತ್ತ ಇನ್ನೇನು ಹತ್ತಿರಾಯಿತು ಅನ್ನುವಾಗ ಗಾಡಿಯ ಸ್ಪೀಕರಿನಲ್ಲಿ ಗಂಡನ ದನಿ ಬಂತು. ಓಡಿ ಬಂದವನಂತೆ ಏದುತ್ತಿದ್ದ.

"ದಾಕ್ಷಾ, ನಮ್ಮ ಗಾಡಿ ಯಾರೋ ಒಯ್ದಾರ. ಸಿಲಿಂಡರ್ ತರಾಕ ಹೋಗಿದ್ದೆ, ಬರೂದರಾಗ..."

"ಓಹೋ, ಗ್ಯಾಸೂ ನೀವ ತುಂಬಿಸಿ ಕೊಡತೀರೇನು?" ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂತು. "ಗಾಡಿ ಕಳ್ಳರು ಒಯ್ದಿಲ್ಲರಿ, ನಾನ ತಂದೀನಿ. ನಿಮ್ಮಾಕಿಗಿ ಹೇಳ್ರಿ, ಇವತ್ತಿಗಿ ಕೂಲರ್ ಮುಗೀತಂತ."

ಆ ಕಡೆ ಅದೇ ವಯಸ್ಸಾದ ಹೆಣ್ಣುದನಿ ಅವನಿಗೆ ಏನೋ ಹೇಳುವುದು ಕೇಳಿಸಿತು. 

"ಅದು ಕೂಲರ್ ಅಲ್ಲ. ಉಸಿರಿನ ಮಷೀನು."

ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. "ಯಾರ್ರಿ ಆಕಿ?"

"ಜಡ್ಡಾಗಿ ಪುಣೇದಿಂದ ಅತ್ತಿ ಮನಿಗಿ ಬಂದಿದ್ಲು. ನಿನಗ ಹೇಳಬಾರದಂತ ಆಣಿ ಹಾಕಿಸ್ಕೊಂಡಿದ್ಲು. 'ಕರ್ಕೊಂಡ ಬರಬ್ಯಾಡ್ರಿ, ಬಂದ್ರ ತಾನಾಗೇ ಬರ್ಲಿ' ಅಂತಿದ್ಲು. ನಿನ್ನ ಸೀರಿ ಕೇಳಿ ಇಸ್ಕೊಂಡ್ಲು, ನೋಡ್ಕೋತ ಮಲಗಾಕ."

ದಾಕ್ಷಾಯಣಿ ಗಾಡಿ ತಿರುಗಿಸುತ್ತಿದ್ದಳು. ಚಕ್ರ ಮಣ್ಣಿಗಿಳಿಯಿತು, ಮತ್ತೆ ಹತ್ತಿತು. ಎದುರಿನ ಪರದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜು ಇನ್ನೂ ಉಳಿದಿತ್ತು.

"ಬಂದೆರಿ. ಈಗ ಬಂದೆ. ವೈರು ಅಲ್ಲೇ ಐತಿ, ಹಚ್ಚೂಣು..."

"ಸಾವಕಾಶ ಬಾ," ಎಂದ ಗುರುಸಿದ್ದ. "ಇನ್ನ ಅವಸರಿಲ್ಲ."

ಅವನು ಫೋನು ಇಡಲಿಲ್ಲ. "ನೀ ಹೊರಗ ನಿಂತು ಬೈದಿದ್ದು ಆಕಿಗಿ ಕೇಳೈತಿ, ದಾಕ್ಷಾ. ಮಲಗಿದ್ದಾಕಿ ನಕ್ಕೋತ ಅಂದ್ಲಂತ, 'ಅತ್ತೀ, ಲಗೂನ ಬಾಗಲಾ ತೆಗೀರಿ. ನಮ್ಮಕ್ಕ ಬಂದಾಳ.'"